ಹುಣಸೆ ಬೀಜದ ಪಣ, ನಡುವಿನ ಐದು ಎಲೆ

ಮೊದಲು ಕೈ ತೊಳೆದುಕೊಳ್ಳಿ. ಭಾನುವಾರ ಮಧ್ಯಾಹ್ನ ದಾವಣಗೆರೆಯ ನಮ್ಮ ಮನೆಗೆ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಬಗೆಯ ಇಸ್ಪೀಟಾಟ ಕಲಿಯಲು ಬಂದವರಿಗೆ ನಾನು ಹೇಳುವ ಮೊದಲ ನಿಯಮ ಇದು. ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ ಬೆರಳಿನಿಂದ ಮುಟ್ಟಿದ ಎಲೆಗೆ ಎಣ್ಣೆಯ ಕಲೆ ಅಂಟುತ್ತದೆ. ಕಲೆಯಾದ ಎಕ್ಕವನ್ನು ಮರುವಾರ ಯಾರು ಬೇಕಾದರೂ ಬೆನ್ನಿನ ಕಡೆಯಿಂದಲೇ ಗುರುತಿಸುತ್ತಾರೆ. ಅಲ್ಲಿಗೆ ಆ ಕಟ್ಟು ಮುಗಿಯಿತು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಈ ಆಟವನ್ನು ನನಗೆ ಕಲಿಸಿದ್ದು ತಮ್ಮನ ಮಗ, ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಳಿಯ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾನೇ ಅವನಿಗೆ ಪಾಠ ಹೇಳುವಂತಾಯಿತು. ಅವನು ಮೂರೆಲೆ ಆಡಿ ಬೆಳೆದ ಹುಡುಗ. ಕಣ್ಣೆಲ್ಲ ತನ್ನ ಕೈಯ ಎಲೆಗಳ ಮೇಲೆ. ಹೋಲ್ಡೆಮ್‌ನಲ್ಲಿ ನಿಮ್ಮವೆಂದು ಇರುವುದು ಎರಡೇ ಎಲೆ. ಉಳಿದ ಐದು ಎಲ್ಲರ ಮುಂದೆ, ಮುಖ ಮೇಲಾಗಿ, ಎಲ್ಲರಿಗೂ ಸೇರಿದವಾಗಿ ನಡುವೆ ಬಿದ್ದಿರುತ್ತವೆ. ಆ ಐದನ್ನು ಓದಲು ಬಂದರೆ ಆಟ ಬಂದಂತೆ. ನಾನು ಕಲಿಸುವುದೆಲ್ಲ ಇದರ ಸುತ್ತಲೇ ಇರುತ್ತದೆ.

ಹಣದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದರು. ಸಂಬಳದ ದಿನ ಅಂದರ್ ಬಾಹರ್ ಆಡಲು ಕುಳಿತರೆ ಮನೆಗೆ ಬರುವಾಗ ಜೇಬಿನಲ್ಲಿ ಬಸ್ಸಿನ ಕಾಸೂ ಇರುತ್ತಿರಲಿಲ್ಲ. ಅಮ್ಮ ಒಂದು ರಾತ್ರಿ ಇಸ್ಪೀಟಿನ ಕಟ್ಟನ್ನು ಒಲೆಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನಮ್ಮಲ್ಲಿ ಪಣವೆಂದರೆ ಹುಣಸೆ ಬೀಜ. ತಲೆಗೆ ನೂರು, ಆಟ ಮುಗಿದ ಮೇಲೆ ಎಲ್ಲವೂ ಡಬ್ಬಿಗೆ ವಾಪಸ್. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಯೋಚನೆ ಇದ್ದವರು ಇದನ್ನೂ ತಿಳಿದಿರಲಿ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಅದು ಮಾಡುವುದಿಲ್ಲ.

ಈಗ ಆಟಕ್ಕೆ ಬರೋಣ. 52 ಎಲೆಯ ಒಂದು ಕಟ್ಟು, ಜೋಕರ್ ಬೇಡ. ಇಬ್ಬರಿಂದ ಒಂಬತ್ತು ಮಂದಿಯವರೆಗೆ ಆಡಬಹುದು. ಕಲಿಯಲು ಐದಾರು ಮಂದಿ ಇದ್ದರೆ ಚೆನ್ನ. ಎಲೆ ಹಂಚುವ ಸರದಿ ಯಾರದೆಂದು ತೋರಿಸಲು ಅವರ ಮುಂದೆ ಒಂದು ಗುರುತು ಇಡಬೇಕು. ನಮ್ಮಲ್ಲಿ ಅದು ಅಮ್ಮನ ಸುಣ್ಣದ ಡಬ್ಬಿ. ಪ್ರತಿ ಆಟಕ್ಕೂ ಅದು ಎಡಕ್ಕೆ ಒಂದು ಮನೆ ಸರಿಯುತ್ತದೆ. ಡಬ್ಬಿಯ ಎಡಕ್ಕೆ ಕುಳಿತವರು ಒಂದು ಬೀಜ, ಅವರ ಎಡದವರು ಎರಡು ಬೀಜ, ಎಲೆ ಹಂಚುವ ಮುನ್ನವೇ ಇಡಬೇಕು. ಇವೇ ಸಣ್ಣ ಬ್ಲೈಂಡ್ ಮತ್ತು ದೊಡ್ಡ ಬ್ಲೈಂಡ್. ಮೂರೆಲೆಯವರು ಇಲ್ಲಿ ಎಡವುತ್ತಾರೆ. ಅಲ್ಲಿ ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವುದು. ಇಲ್ಲಿ ಅದು ಕಡ್ಡಾಯದ ಕಾಣಿಕೆ, ಅಷ್ಟೇ. ಎಲೆಯನ್ನು ನೋಡಿಯೇ ಆಡಿ.

ಎಲ್ಲರಿಗೂ ಎರಡೆರಡು ಎಲೆ ಬಂದ ಮೇಲೆ ದೊಡ್ಡ ಬ್ಲೈಂಡಿನ ಎಡದವರಿಂದ ಮಾತು ಶುರುವಾಗುತ್ತದೆ. ಇಟ್ಟಿರುವಷ್ಟಕ್ಕೆ ಸಮ ಮಾಡಿದರೆ ಕಾಲ್, ಏರಿಸಿದರೆ ರೈಸ್, ಬಿಟ್ಟುಕೊಟ್ಟರೆ ಫೋಲ್ಡ್. ಮೂರೆಲೆಯಲ್ಲಿ ನಾವು ಪ್ಯಾಕ್ ಎನ್ನುವುದು ಇದನ್ನೇ. ಏರಿಸುವವರು ಹಿಂದಿನವರು ಏರಿಸಿದಷ್ಟನ್ನಾದರೂ ಏರಿಸಬೇಕು. ಉಳಿದವರೆಲ್ಲರ ಬೀಜ ಸಮವಾದಾಗ ಆ ಸುತ್ತು ಮುಗಿಯಿತು. ಆಮೇಲೆ ನಡುವೆ ಮೂರು ಎಲೆ, ಅದು ಫ್ಲಾಪ್. ಮತ್ತೊಂದು ಸುತ್ತು ಪಣ. ನಾಲ್ಕನೆಯ ಎಲೆ ಟರ್ನ್, ಪಣ. ಐದನೆಯದು ರಿವರ್, ಕೊನೆಯ ಪಣ. ಫ್ಲಾಪ್‌ನಿಂದ ಮುಂದೆ ಡಬ್ಬಿಯ ಎಡದವರೇ ಮೊದಲು ಮಾತಾಡಬೇಕು. ಯಾರೂ ಪಣ ಇಟ್ಟಿರದಿದ್ದರೆ ಚೆಕ್ ಎಂದು ಹೇಳಿ ಸುಮ್ಮನಿರಬಹುದು. ಫ್ಲಾಪ್, ಟರ್ನ್, ರಿವರ್ ಮೂರಕ್ಕೂ ಮುನ್ನ ಕಟ್ಟಿನ ಮೇಲಿನ ಒಂದು ಎಲೆಯನ್ನು ತೆರೆಯದೆ ಪಕ್ಕಕ್ಕೆ ಸರಿಸಬೇಕು. ಮೇಲಿನ ಎಲೆಯ ಕಲೆಯನ್ನು ಯಾರಾದರೂ ಗುರುತಿಟ್ಟುಕೊಂಡಿದ್ದರೆ ಅವರಿಗೆ ಅದರಿಂದ ಲಾಭವಾಗಬಾರದೆಂದು ಈ ಏರ್ಪಾಡು. ಬೀಜ ಸಾಲದವರು ಇದ್ದಷ್ಟನ್ನೂ ಇಟ್ಟು ಆಟದಲ್ಲಿ ಉಳಿಯಬಹುದು. ಅವರಿಗೆ ಮೀರಿದ ಪಣ ಬೇರೆ ರಾಶಿಯಾಗಿ ಉಳಿದವರ ನಡುವೆ ತೀರ್ಮಾನವಾಗುತ್ತದೆ.

ಕೊನೆಗೆ ಕೈಯ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದು ಎಲೆ ಲೆಕ್ಕಕ್ಕೆ. ನಿಮ್ಮ ಎರಡನ್ನೂ ಬಳಸಬಹುದು, ಒಂದನ್ನೇ ಬಳಸಬಹುದು, ಎರಡನ್ನೂ ಬಿಟ್ಟು ನಡುವಿನ ಐದನ್ನೇ ಆಡಬಹುದು. ಇಬ್ಬರ ಐದೂ ಸಮವಾದರೆ ರಾಶಿ ಸಮಪಾಲು. ಆರನೆಯ ಎಲೆಯನ್ನು ತೋರಿಸಿ ವಾದಿಸುವಂತಿಲ್ಲ.

ಯಾವುದು ಯಾವುದಕ್ಕಿಂತ ದೊಡ್ಡದು ಎಂಬ ಕ್ರಮವನ್ನು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಎಣಿಸಿದರೆ ತಾನೇ ನೆನಪಿರುತ್ತದೆ. 52 ಎಲೆಗಳಿಂದ ಐದನ್ನು 25,98,960 ರೀತಿಯಲ್ಲಿ ಆರಿಸಬಹುದು. ಅವುಗಳಲ್ಲಿ ಒಂದೇ ಬಣ್ಣದ (ಬಣ್ಣವೆಂದರೆ ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಇವುಗಳಲ್ಲೊಂದು) ಸತತ ಐದು, ಅಂದರೆ ಸ್ಟ್ರೇಟ್ ಫ್ಲಶ್, 40 ಮಾತ್ರ. ಹತ್ತರಿಂದ ಎಕ್ಕದವರೆಗಿನ ನಾಲ್ಕು ರಾಯಲ್‌ಗಳೂ ಅದರಲ್ಲೇ ಸೇರಿವೆ. ಒಂದೇ ಅಂಕಿಯ ನಾಲ್ಕೆಲೆ 624. ಮೂರು ಒಂದು ಬಗೆ, ಎರಡು ಒಂದು ಬಗೆಯ ಫುಲ್ ಹೌಸ್ 3,744. ಒಂದೇ ಬಣ್ಣದ ಐದು, ಫ್ಲಶ್, 5,108. ಸತತ ಐದು, ಸ್ಟ್ರೇಟ್, 10,200. ಒಂದೇ ಅಂಕಿಯ ಮೂರು 54,912. ಎರಡು ಜೋಡಿ 1,23,552. ಒಂದು ಜೋಡಿ 10,98,240. ಅದಕ್ಕೂ ಕೆಳಗೆ ಬರಿಯ ದೊಡ್ಡೆಲೆ. ಅಪರೂಪದ್ದು ಮೇಲೆ, ಸಾಮಾನ್ಯವಾದದ್ದು ಕೆಳಗೆ.

ಮೂರೆಲೆಯಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು, ಇಲ್ಲಿ ಏಕೆ ಉಲ್ಟಾ ಎಂದು ಅಳಿಯ ಕೇಳಿದ. ಆ ಪ್ರಶ್ನೆ ಕೇಳಿದ ದಿನ ನನಗೆ ತರಗತಿಗೆ ಮರಳಿದಷ್ಟು ಸಂತೋಷವಾಯಿತು. ಮೂರೇ ಎಲೆಯಲ್ಲಿ ಬರಿಯ ಸೀಕ್ವೆನ್ಸ್ 720 ರೀತಿಯಲ್ಲಿ ಬರುತ್ತದೆ, ಬರಿಯ ಕಲರ್ 1,096 ರೀತಿಯಲ್ಲಿ. ಐದೆಲೆಗೆ ಬಂದ ಕೂಡಲೇ ಒಂದೇ ಬಣ್ಣ ಹಿಡಿದುಕೊಳ್ಳುವುದು ಸತತ ಅಂಕಿ ಹಿಡಿಯುವುದಕ್ಕಿಂತ ಕಠಿಣವಾಗುತ್ತದೆ. ಇನ್ನೊಂದು ಮಾತು: ಎಕ್ಕ ರಾಜನ ಮೇಲೂ ಕೂರುತ್ತದೆ, 2, 3, 4, 5ರ ಕೆಳಗೂ ಕೂರುತ್ತದೆ. ರಾಜ, ಎಕ್ಕ, ಎರಡು ಎಂದು ಸುತ್ತು ಹಾಕುವಂತಿಲ್ಲ.

ಆಟ ಟೆಕ್ಸಾಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಊರಿನದೆಂದು ಅಲ್ಲಿನ ಶಾಸನಸಭೆ 2007ರಲ್ಲಿ ಗೊತ್ತುವಳಿ ಮಾಡಿ ಒಪ್ಪಿಕೊಂಡಿದೆ. ಲಾಸ್ ವೇಗಸ್ ತಲುಪಿದ್ದು 1960ರ ದಶಕದಲ್ಲಿ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗರೊಬ್ಬರು ಆನ್‌ಲೈನ್ ಅರ್ಹತಾ ಆಟದ ಮೂಲಕ ಬಂದು ಪೋಕರ್ ವಿಶ್ವ ಸರಣಿಯ ಮುಖ್ಯ ಸ್ಪರ್ಧೆಯನ್ನು ಗೆದ್ದ ಮೇಲೆ ಜಗತ್ತಿನ ಮನೆಮನೆಗಳಲ್ಲಿ ಇದರ ಹುಚ್ಚು ಹತ್ತಿತು. ಇಷ್ಟು ಚರಿತ್ರೆ ಸಾಕು.

ಯಾವ ಎರಡೆಲೆಯನ್ನು ಆಡಬೇಕು? ಜೋಡಿ ಬರುವುದು 17 ಸಲಕ್ಕೊಮ್ಮೆ. ಎಕ್ಕದ ಜೋಡಿ 221 ಸಲಕ್ಕೊಮ್ಮೆ. ಹೊಸಬರು ಐದರಲ್ಲಿ ನಾಲ್ಕು ಸಲ ಎಲೆ ಬಿಟ್ಟುಬಿಡಬೇಕೆಂದು ನಾನು ಒತ್ತಾಯಿಸುತ್ತೇನೆ. ಜೋಡಿ, ಎರಡು ದೊಡ್ಡೆಲೆ, ಒಂದೇ ಬಣ್ಣದ ಎಕ್ಕ ಮತ್ತೊಂದು, ಸದ್ಯಕ್ಕೆ ಇವೇ ಸಾಕು. ಮೊದಲು ಮಾತಾಡುವವರು ಇನ್ನೂ ಬಿಗಿಯಾಗಿರಬೇಕು. ಸುಣ್ಣದ ಡಬ್ಬಿ ಯಾರ ಮುಂದಿದೆಯೋ ಅವರು ಕೊನೆಗೆ ಮಾತಾಡುತ್ತಾರೆ. ಚಿತ್ರದುರ್ಗದ ಕೋಟೆಯ ಬತೇರಿಯ ಮೇಲೆ ನಿಂತವರ ಹಾಗೆ, ಬರುವವರೆಲ್ಲ ಅವರಿಗೆ ಮೊದಲೇ ಕಾಣುತ್ತಾರೆ. ಅವರು ತುಸು ಧಾರಾಳವಾಗಿ ಆಡಬಹುದು.

ಈಗ ಒಂದು ಆಟವನ್ನು ಪೂರ್ತಿ ಹೇಳುತ್ತೇನೆ. ಅಳಿಯನ ಕೈಯಲ್ಲಿ ಎರಡು ರಾಜ, ಇಸ್ಪೀಟಿನದು ಮತ್ತು ಆಟೀನಿನದು. ಎದುರು ಮನೆಯ ಅಕ್ಕನವರ ಕೈಯಲ್ಲಿ ಎರಡು ನಾಲ್ಕು, ಡೈಮಂಡ್ ಮತ್ತು ಇಸ್ಪೀಟು. ಫ್ಲಾಪ್‌ನಲ್ಲಿ ಡೈಮಂಡ್ 9, ಡೈಮಂಡ್ 6, ಕಳಾವರ್ 3. ಟರ್ನ್‌ನಲ್ಲಿ ಡೈಮಂಡ್ 8. ರಾಶಿಯಲ್ಲಿ 18 ಬೀಜ ಇತ್ತು, ಅಳಿಯ 6 ಇಟ್ಟ. ಅಕ್ಕನವರು ಬಿಟ್ಟುಬಿಡಲು ಹೊರಟಾಗ ನಾನು ತಡೆದು, ಎಣಿಸಿ ನೋಡಿ ಎಂದೆ. (ಕಲಿಯುವ ಆಟದಲ್ಲಿ ಮಾತ್ರ ಹೀಗೆ ಬಾಯಿ ಹಾಕಬಹುದು.) ಅವರಿಗೆ ಕಾಣದ ಎಲೆ 46. ಅವುಗಳಲ್ಲಿ ಡೈಮಂಡ್ ಬಣ್ಣದವು ಒಂಬತ್ತು, ನಾಲ್ಕರ ಅಂಕಿಯವು ಇನ್ನೆರಡು. ಒಟ್ಟು 11 ಎಲೆ ಅವರ ಕೈಯನ್ನು ಮೇಲೆತ್ತುತ್ತವೆ. ನಾಲ್ಕರಲ್ಲೊಂದಕ್ಕೆ ಕೂದಲೆಳೆಯಷ್ಟು ಕಡಿಮೆ. ಕೊಡಬೇಕಾದದ್ದು 6, ಕೊಟ್ಟರೆ ರಾಶಿ 30. ಐದರಲ್ಲೊಂದು ಸಲ ಗೆದ್ದರೂ ನಷ್ಟವಿಲ್ಲ. ಅವರು 6 ಬೀಜ ಇಟ್ಟರು. ಕುಳಿತಲ್ಲೇ ಅಂದಾಜು ಮಾಡಲು ಸುಲಭದ ದಾರಿಯಿದೆ: ಒಂದೇ ಎಲೆ ಬಾಕಿಯಿದ್ದರೆ ಬೇಕಾದ ಎಲೆಗಳ ಸಂಖ್ಯೆಯನ್ನು ಎರಡರಿಂದ, ಎರಡು ಎಲೆ ಬಾಕಿಯಿದ್ದರೆ ನಾಲ್ಕರಿಂದ ಗುಣಿಸಿ. ಶೇಕಡಾವಾರು ಹೆಚ್ಚುಕಡಿಮೆ ಸಿಗುತ್ತದೆ.

ರಿವರ್‌ನಲ್ಲಿ ಡೈಮಂಡ್ 7 ಬಿತ್ತು. ಅಳಿಯ ಹಿಂದೆಮುಂದೆ ನೋಡದೆ 20 ಬೀಜ ನೂಕಿದ. ಅಕ್ಕನವರು 20 ಇಟ್ಟು ಸಮ ಮಾಡಿದರು, ಏರಿಸಲಿಲ್ಲ. ಡೈಮಂಡಿನ ನಾಲ್ಕನ್ನು ತೋರಿಸಿ ರಾಶಿ ಎಳೆದುಕೊಂಡರು.

“ಅತ್ತೆ, ನನ್ನ ಹತ್ತಿರ ಎರಡು ರಾಜ ಇದ್ದವಲ್ಲ!” ಎಂದ ಅಳಿಯ.

“ನಡುವೆ ನಾಲ್ಕು ಡೈಮಂಡ್ ಇದೆಯಲ್ಲಪ್ಪ” ಎಂದೆ. ಯಾರ ಬಳಿ ಒಂದೇ ಒಂದು ಡೈಮಂಡ್ ಇದ್ದರೂ ಫ್ಲಶ್. ಯಾವುದೇ ಹತ್ತು ಅಥವಾ ಐದು ಇದ್ದರೂ ಸ್ಟ್ರೇಟ್. ರಾಜಜೋಡಿ ಅಲ್ಲಿ ಸತ್ತುಹೋಗಿತ್ತು. ಅಕ್ಕನವರು ಏರಿಸದೆ ಇದ್ದದ್ದು ನನಗೆ ಹೆಚ್ಚು ಮೆಚ್ಚುಗೆಯಾಯಿತು. ಡೈಮಂಡಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಐದು, ಈ ಆರು ಎಲೆಗಳಲ್ಲಿ ಯಾವುದಿದ್ದರೂ ತಾವು ಸೋಲುವುದನ್ನು ಅವರು ನಡುವಿನ ಎಲೆಗಳಲ್ಲೇ ಓದಿಕೊಂಡಿದ್ದರು.

ಆದ್ದರಿಂದ ಮೊದಲ ಎರಡು ಭಾನುವಾರ ನಮ್ಮಲ್ಲಿ ಪಣವೇ ಇಲ್ಲ. ಎಲ್ಲರ ಎಲೆಯನ್ನೂ ತೆರೆದಿಟ್ಟು ಇಪ್ಪತ್ತು ಆಟ ಹಂಚುತ್ತೇನೆ. ಗೆದ್ದವರು ಯಾರು, ಯಾವ ಐದರಿಂದ ಎಂದು ಮಕ್ಕಳೇ ಹೇಳಬೇಕು. ಆಮೇಲಿನದು ಒಬ್ಬರೇ ಕುಳಿತು ಮಾಡುವ ಅಭ್ಯಾಸ. ಐದು ಎಲೆ ಹರಡಿ, ಇದರ ಮೇಲೆ ಯಾವ ಎರಡೆಲೆ ಎಲ್ಲಕ್ಕಿಂತ ದೊಡ್ಡದಾಗುತ್ತದೆ ಎಂದು ಹುಡುಕುವುದು. ನಡುವೆ ಜೋಡಿ ಬಿದ್ದಿದೆಯೇ, ಒಂದೇ ಬಣ್ಣದ ಮೂರು ಇವೆಯೇ, ಐದರ ಅಳತೆಯೊಳಗೆ ಬರುವ ಮೂರು ಅಂಕಿಗಳಿವೆಯೇ ಎಂದು ಈ ಮೂರನ್ನೂ ಪ್ರತಿ ಸಲ ಕೇಳಿಕೊಳ್ಳಬೇಕು. ದಿನಕ್ಕೆ ಹತ್ತು ಸಲ ಮಾಡಿದರೆ ಒಂದು ತಿಂಗಳಲ್ಲಿ ಕಣ್ಣು ಪಳಗುತ್ತದೆ.

ಅಳಿಯ ಈಗ ಹಾಸ್ಟೆಲ್‌ನಿಂದ ರಾತ್ರಿ ಮೊಬೈಲ್‌ಗೆ ಐದು ಎಲೆಯ ಚಿತ್ರ ಕಳಿಸುತ್ತಾನೆ. ನಿನ್ನೆ ಬಂದದ್ದು ಆಟೀನ್ ಎಕ್ಕ, ಕಳಾವರ್ 10, ಇಸ್ಪೀಟ್ 7, ಡೈಮಂಡ್ 6, ಆಟೀನ್ 2. ಎರಡು ಎಕ್ಕ ಇದ್ದವರೇ ಗೆಲ್ಲುವುದು, ಮೂರು ಎಕ್ಕ ಆಗುತ್ತದಲ್ಲವೇ ಅತ್ತೆ ಎಂದು ಕೆಳಗೆ ಬರೆದಿದ್ದ. 9 ಮತ್ತು 8 ಎಂದು ಉತ್ತರ ಬರೆದು ಮಲಗಿದೆ.