ಎಂಟು ಜನ, ಒಂದು ಡಬ್ಬಿ, 13 ರಾತ್ರಿ: ಏಜೆಂಟ್ ಇಲ್ಲದೆ ಗ್ರೀಸ್

"ಎಂಟು ಹೆಂಗಸರು, ಒಬ್ಬ ಗೈಡೂ ಇಲ್ಲ, ಏಜೆಂಟೂ ಇಲ್ಲ. ಮೂರನೇ ದಿನಕ್ಕೆ ಜಗಳ ಆಡ್ಕೊಂಡು ವಾಪಸ್ ಬರ್ತೀರಿ ನೋಡಮ್ಮ." ಭಾವ ಹೀಗೆ ಹೇಳಿದಾಗ ನಾನು ಎದುರಾಡಲಿಲ್ಲ. ಅವರು ಹಾಗೆ ಹೇಳೋದಕ್ಕೆ ಕಾರಣ ಇತ್ತು. 2018ರಲ್ಲಿ ನಾವು ನಾಲ್ಕು ಜನ ಬಾಲಿಗೆ ಹೋಗಿ, ಬರುವಾಗ ಇಬ್ಬಿಬ್ಬರು ಬೇರೆ ಬೇರೆ ಸಾಲಿನಲ್ಲಿ ಕೂತು ಬಂದಿದ್ದೆವು. ಫೋನ್‌ನಲ್ಲಿ ಖರ್ಚು ಹಂಚುವ ಆಪ್ ಹಾಕಿಕೊಂಡಿದ್ದೆವು. ಊಟ ಮುಗಿಯೋ ಮೊದಲೇ ಯಾರು ಎಳನೀರು ಕುಡಿದರು, ಯಾರು ಕುಡಿಯಲಿಲ್ಲ ಅಂತ ಲೆಕ್ಕ ಶುರುವಾಗುತ್ತಿತ್ತು. ಇಬ್ಬರು ಆರು ತಿಂಗಳು ಮಾತು ಬಿಟ್ಟರು.

ನಾನು 28 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಶ್ ಕೌಂಟರಿನಲ್ಲಿ. ನನಗೆ ಆಗಲೇ ಅನಿಸಿತ್ತು: ಜಗಳ ದುಡ್ಡಿಗಾಗಿ ಆಗಿದ್ದಲ್ಲ, ಊಟದ ಮೇಜಿನ ಮೇಲೆ ಲೆಕ್ಕ ಬಿಚ್ಚಿದ್ದಕ್ಕೆ ಆಗಿದ್ದು.

ಗ್ರೀಸ್‌ಗೆ ಮೊದಲ ಸಲ ಹೊರಟಿದ್ದು 2024ರಲ್ಲಿ. ಅದು ಹೋಗಲೇ ಇಲ್ಲ. ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ಆರು ಜನರದ್ದು ಮೊದಲೇ ಬುಕ್ ಮಾಡಿಬಿಟ್ಟೆ. ವೀಸಾ ಅಪಾಯಿಂಟ್‌ಮೆಂಟ್ ನೋಡಿದರೆ ಹೊರಡುವ ದಿನದ ತನಕ ಒಂದು ಸ್ಲಾಟೂ ಇಲ್ಲ. ಕ್ಯಾನ್ಸಲ್ ಮಾಡಿದಾಗ ಎಲ್ಲರದ್ದೂ ಸೇರಿ 1,30,000 ರೂಪಾಯಿ ಹತ್ತಿರ ಹೋಯಿತು. ಅದರಲ್ಲಿ ನನ್ನ ಪಾಲಿಗಿಂತ ಜಾಸ್ತಿ ನಾನೇ ಹಾಕಿದೆ, ಆತುರ ಮಾಡಿದ್ದು ನಾನಲ್ವಾ. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅದಕ್ಕೇ ಈ ಸಲ, 2025ರಲ್ಲಿ, ಜೂನ್‌ನಲ್ಲೇ ಸ್ಲಾಟ್ ಹಿಡಿದೆವು. ಟಿಕೆಟ್ ತಲೆಗೆ ನಾಲ್ಕು ಸಾವಿರ ಜಾಸ್ತಿಯಾದರೂ ದುಡ್ಡು ವಾಪಸ್ ಬರುವಂಥದ್ದೇ ತಗೊಂಡೆವು. ಇನ್ಶೂರೆನ್ಸ್, ವಿದೇಶಿ ದುಡ್ಡು ತುಂಬಿಕೊಳ್ಳುವ ಫಾರೆಕ್ಸ್ ಕಾರ್ಡ್ ವಿಚಾರ ನಿಮಗೆಲ್ಲ ಗೊತ್ತೇ ಇದೆ, ಬರೆಯಲ್ಲ.

ನನ್ನ ಪ್ಲಾನ್ ನೋಡಿ ನಮ್ಮವರೇ ಒಪ್ಪಲಿಲ್ಲ. 13 ರಾತ್ರಿಗೆ ಬರೀ ಅಥೆನ್ಸ್, ಮತ್ತೆ ನಾಕ್ಸೋಸ್, ಸ್ಯಾಂಟೊರಿನಿ ಅನ್ನೋ ಎರಡು ದ್ವೀಪ. ಸಾಲದ್ದಕ್ಕೆ ಅಥೆನ್ಸ್ ಮತ್ತು ನಾಕ್ಸೋಸ್‌ನಲ್ಲಿ ಒಂದೊಂದು ದಿನ ಪೂರ್ತಿ ಖಾಲಿ. "ಮಿಕೊನೊಸ್ ದ್ವೀಪ ಇಲ್ವೇನೇ? ಅಷ್ಟು ದೂರ ಹೋಗಿ ಖಾಲಿ ಕೂರೋದಾ?" ಅಂತ ನಮ್ಮ ಗುಂಪಿನ ಜಯಾ ವಾರಗಟ್ಟಲೆ ಕೇಳಿದಳು. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ 8 ರಾತ್ರಿಗೆ ನಾಲ್ಕು ಊರಿತ್ತು, ತಲೆಗೆ 2,45,000. ಅದರ ಮೇಲೆ ಆಗ ಶೇಕಡ 5 ಟಿಸಿಎಸ್ ಬೇರೆ, ಅಂದರೆ ಪ್ಯಾಕೇಜ್ ಕೊಳ್ಳುವಾಗಲೇ ಹಿಡಿಯುವ ತೆರಿಗೆ. ರಿಟರ್ನ್ಸ್ ಹಾಕಿದಾಗ ಅದು ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಸಿಕ್ಕಿಹಾಕಿಕೊಂಡ ದುಡ್ಡು. ನಾವೇ ಫಾರೆಕ್ಸ್ ಕಾರ್ಡಿಗೆ ದುಡ್ಡು ಹಾಕಿಕೊಂಡರೆ ವರ್ಷಕ್ಕೆ 10 ಲಕ್ಷದ ಒಳಗೆ ಆ ತಾಪತ್ರಯ ಇಲ್ಲ.

ಈಗ ಡಬ್ಬಿಯ ವಿಷಯ, ಅಂದರೆ ಎಲ್ಲರ ಒಟ್ಟು ಖರ್ಚಿನ ದುಡ್ಡು. ನಿಜವಾದ ಡಬ್ಬಿಯೇ, ಸ್ಟೀಲಿನ ಚಟ್ನಿಪುಡಿ ಡಬ್ಬಿ. ಅಲ್ಲಿ ಜಿಪ್ ಇರುವ ನೀಲಿ ಪೌಚ್ ಸಿಕ್ಕಮೇಲೆ ದುಡ್ಡು ಅದಕ್ಕೆ ಹೋಯಿತು. ಮೊದಲ ದಿನ ಒಬ್ಬೊಬ್ಬರು 200 ಯೂರೊ ಹಾಕಿದೆವು. ದಿನಸಿ, ಬಸ್ಸು, ಮೆಟ್ರೊ, ಎಲ್ಲರೂ ಒಟ್ಟಿಗೆ ಮಾಡುವ ದಿನದ ಒಂದು ಊಟ, ಇಷ್ಟಕ್ಕೆ ಡಬ್ಬಿ. ಕಾಫಿ, ವೈನ್, ಐಸ್‌ಕ್ರೀಂ, ಶಾಪಿಂಗ್ ಅವರವರದ್ದು. ಡಬ್ಬಿ ಎರಡು ದಿನಕ್ಕೊಬ್ಬರ ಕೈಗೆ. ರಾತ್ರಿ ಒಂಬತ್ತಕ್ಕೆ ಉಳಿದದ್ದು ಎಷ್ಟು ಅಂತ ಗಟ್ಟಿಯಾಗಿ ಓದಬೇಕು. ಖರ್ಚಿನ ಬಗ್ಗೆ ಆಗ ಮಾತ್ರ ಮಾತು, ಬೇರೆ ಹೊತ್ತಲ್ಲಿ ಇಲ್ಲ. ಕಡಿಮೆಯಾದರೆ ಎಲ್ಲರೂ ತಲಾ 50 ಹಾಕೋದು. ಯಾರು ಜಾಸ್ತಿ ತಿಂದರು, ಯಾರು ಕಮ್ಮಿ ತಿಂದರು ಅನ್ನುವ ಪ್ರಶ್ನೆಯೇ ಇಲ್ಲ. 13 ದಿನದಲ್ಲಿ ಒಂದು ಜಗಳವಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲ ಪೆಟ್ಟು ಬಾಗಿಲಲ್ಲೇ ಬಿತ್ತು. ಗ್ರೀಸ್‌ನಲ್ಲಿ ಉಳಿಯುವ ಜಾಗಕ್ಕೆ ದಿನದ ಲೆಕ್ಕದಲ್ಲಿ ಒಂದು ತೆರಿಗೆ ಇದೆ. ಬುಕಿಂಗ್ ಮೊತ್ತದಲ್ಲಿ ಅದು ಸೇರಿರಲಿಲ್ಲ. ಚಿಕ್ಕ ಫ್ಲ್ಯಾಟಿಗೆ ದಿನಕ್ಕೆ 8 ಯೂರೊ. ಎರಡು ಫ್ಲ್ಯಾಟ್, ಐದು ರಾತ್ರಿ, 80 ಯೂರೊ ಅಲ್ಲೇ ಎಣಿಸಿ ಕೊಟ್ಟೆವು. ನೀವು ಲೆಕ್ಕ ಹಾಕುವಾಗ ಮೊದಲೇ ಸೇರಿಸಿಕೊಳ್ಳಿ.

ನಾವು ಉಳಿದುಕೊಂಡದ್ದು ಅಥೆನ್ಸ್‌ನ ಕೂಕಾಕಿ ಬಡಾವಣೆಯಲ್ಲಿ. ಗುಡ್ಡದ ಮೇಲಿನ ಹಳೇ ಗುಡಿಗಳ ತಾಣ ಅಕ್ರೊಪೊಲಿಸ್‌ಗೆ ನಡೆದೇ ಹೋಗಬಹುದು. ಬೇಕಂತಲೇ ಸೆಪ್ಟೆಂಬರ್ ಕೊನೆಯ ಶನಿವಾರಕ್ಕೆ ಹೊಂದಿಸಿಕೊಂಡಿದ್ದೆ. ಆ ಶನಿವಾರ, ಭಾನುವಾರ ಅಲ್ಲಿನ ಸರ್ಕಾರಿ ಪುರಾತತ್ವ ತಾಣಗಳಿಗೆಲ್ಲ ಪ್ರವೇಶ ಉಚಿತ. 2025ರಿಂದ ಅಕ್ರೊಪೊಲಿಸ್ ಟಿಕೆಟ್ 30 ಯೂರೊ. ಎಂಟು ಜನಕ್ಕೆ 240 ಉಳಿಯಿತು. ಜನಜಂಗುಳಿ ಇತ್ತು, ಬೆಳಗ್ಗೆ ಬೇಗ ಹೋಗಿದ್ದಕ್ಕೆ ಬಚಾವ್. ಕಾಲಡಿಯ ಅಮೃತಶಿಲೆ ಸವೆದು ಸವೆದು ಜಾರುತ್ತದೆ, ಚಪ್ಪಲಿ ಬೇಡ.

ಅಲ್ಲಿಂದ ಇಳಿದು ಅಕ್ರೊಪೊಲಿಸ್ ಮ್ಯೂಸಿಯಂಗೆ ಹೋದೆವು. ದೇವಸ್ಥಾನದ ಚಾವಣಿಯನ್ನು ತಲೆಯ ಮೇಲೆ ಹೊತ್ತ ಹೆಣ್ಣುಗಳ ಅಸಲಿ ಮೂರ್ತಿಗಳು ಅಲ್ಲಿವೆ. ಆರರಲ್ಲಿ ಐದು. ಒಂದು ಲಂಡನ್ನಿನಲ್ಲಿದೆ, ಅದರ ಜಾಗ ಹಾಗೇ ಖಾಲಿ ಬಿಟ್ಟಿದ್ದಾರೆ. ಮುಂದಿನಿಂದ ನೋಡಿದರೆ ಮುಖ ಸವೆದಿದೆ. ಹಿಂದಕ್ಕೆ ಹೋಗಿ ನೋಡಿ. ಒಬ್ಬೊಬ್ಬಳದ್ದೂ ಒಂದೊಂದು ಥರದ ಜಡೆ, ಎಳೆ ಎಳೆಯಾಗಿ ಹೆಣೆದು ಬೆನ್ನ ಮೇಲೆ ಇಳಿಬಿಟ್ಟಿದ್ದು. ಬೇಲೂರಿನ ಮದನಿಕೆಯರನ್ನು ಕತ್ತೆತ್ತಿ ನೋಡಿ ಬೆಳೆದವರು ನಾವು. ಇಲ್ಲಿ ಅವಳ ಹಿಂದೆಯೇ ನಿಂತು ಜಡೆ ನೋಡಬಹುದು. ವೀಣಾ ಅಲ್ಲಿಂದ ಅರ್ಧ ಗಂಟೆ ಅಲುಗಲಿಲ್ಲ.

ಊಟದಲ್ಲಿ ಎಡವಿದ್ದು ಎರಡನೇ ದಿನ. ನಮ್ಮಲ್ಲಿ ಐದು ಜನ ಸಸ್ಯಾಹಾರಿಗಳು. ಅವರ ಉಪವಾಸದ ಊಟಕ್ಕೆ 'ನಿಸ್ತೀಸಿಮೊ' ಅಂತಾರೆ. ಮಾಂಸ, ಹಾಲು, ಮೊಟ್ಟೆ ಇರಲ್ಲ ಅಂತ ಓದಿಕೊಂಡು ಧೈರ್ಯವಾಗಿ ಹೇಳಿದೆ. ತಟ್ಟೆಯಲ್ಲಿ ಬಂದದ್ದು ಕರಿದ ಸ್ಕ್ವಿಡ್! ಅವರ ಉಪವಾಸದಲ್ಲಿ ಸ್ಕ್ವಿಡ್, ಆಕ್ಟೋಪಸ್, ಸಿಗಡಿ ನಡೆಯುತ್ತದೆ. 14 ಯೂರೊ ಹೋಯಿತು. ಆಮೇಲೆ ಅಡುಗೆಯ ಹೆಸರನ್ನೇ ಹಿಡಿದು ಕೇಳತೊಡಗಿದೆವು. ದೊಡ್ಡ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ತರಕಾರಿ ಬೇಯಿಸಿದ ಬ್ರಿಯಾಮ್, ಅನ್ನ ತುಂಬಿದ ಟೊಮೇಟೊ. ತಾವೆರ್ನಾ ಅನ್ನೋ ಅಲ್ಲಿನ ಊಟದ ಹೋಟೆಲುಗಳಲ್ಲಿ ಕೇಳದೆಯೇ ಬ್ರೆಡ್ ಇಡುತ್ತಾರೆ, ಅದಕ್ಕೂ ದುಡ್ಡು ಉಂಟು.

ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಖುಷಿ ಕೊಟ್ಟಿದ್ದು ವಾರದ ಸಂತೆ. ರಸ್ತೆಯ ಎರಡೂ ಕಡೆ ತರಕಾರಿ ರಾಶಿ. ಒಬ್ಬ ಅಜ್ಜಿ ಮುಂದೆ ಸೊಪ್ಪಿನ ಕಟ್ಟು. ದಂಟು ಮುರಿದು ನೋಡಿದೆ, ನಮ್ಮ ದಂಟಿನ ಸೊಪ್ಪೇ. ಅಲ್ಲಿ 'ವ್ಲೀತಾ' ಅಂತಾರೆ, ಬೇಯಿಸಿ ಆಲಿವ್ ಎಣ್ಣೆ, ನಿಂಬೆಹುಳಿ ಹಾಕಿ ತಿನ್ನುತ್ತಾರೆ. ನಾನು ಅವತ್ತೇ ಬಸ್ಸಾರು ಮಾಡಿದೆ. ಬೇಳೆ ಬದಲು ಅವರ ಕಂದು ಮಸೂರ್, ಪುಡಿ ಮನೆಯಿಂದ ತಂದಿದ್ದು. ಎಂಟು ಜನರ ಊಟಕ್ಕೆ 11 ಯೂರೊ ಆಗಿರಬೇಕು. ಸ್ಯಾಂಟೊರಿನಿಯ 'ಫಾವಾ' ಅನ್ನೋ ಹಳದಿ ಬೇಳೆಯನ್ನೂ ಅರ್ಧ ಕೆಜಿ ತಂದು ತೊವ್ವೆ ಮಾಡಿ ನೋಡಿದೆ. ಬೇಗ ಬೇಯುತ್ತದೆ, ಆದರೆ ತಳ ಹಿಡಿಯುತ್ತದೆ, ಕೈಯಾಡಿಸುತ್ತಲೇ ಇರಬೇಕು. ಅವರ ಗಟ್ಟಿ ಮೊಸರಿನಲ್ಲಿ ಮಜ್ಜಿಗೆಹುಳಿ ಮಾಡಿದ್ದು ಮಾತ್ರ ಒಡೆದುಹೋಯಿತು.

ಅಥೆನ್ಸ್‌ನ ಖಾಲಿ ದಿನ ಬಂದದ್ದು ಸೋಮವಾರ. ಬಸ್ ಹಿಡಿದು ನಾಫ್ಲಿಯೊಗೆ ಹೋಗಿ ಬಂದೆವು. ಅಥೆನ್ಸ್‌ಗಿಂತ ಮೊದಲು ಹೊಸ ಗ್ರೀಸ್ ದೇಶದ ರಾಜಧಾನಿ ಅದು. ಪಾಲಮೀದಿ ಕೋಟೆಗೆ 999 ಮೆಟ್ಟಿಲು ಅಂತಾರೆ. ಚಾಮುಂಡಿ ಬೆಟ್ಟ ಹತ್ತುವ ಮೂವರು ಹತ್ತಿದರು. ಉಳಿದವರು ಕೆಳಗೆ ಸಮುದ್ರದ ಪಕ್ಕ ಕೂತೆವು.

ಖಾಲಿ ದಿನಗಳ ಬೆಲೆ ಗೊತ್ತಾಗಿದ್ದು ಅಕ್ಟೋಬರ್ 1ಕ್ಕೆ. ಅವತ್ತು ನಾವು ಪಿರೇಯಸ್ ಬಂದರಿನಿಂದ ನಾಕ್ಸೋಸ್‌ಗೆ ಹೊರಡಬೇಕಿತ್ತು. ದಿನಕ್ಕೆ 13 ಗಂಟೆ ಕೆಲಸದ ಮಸೂದೆಯನ್ನು ವಿರೋಧಿಸಿ ದೇಶಾದ್ಯಂತ ಮುಷ್ಕರ, ದ್ವೀಪಗಳಿಗೆ ಹೋಗುವ ಫೆರಿ ಹಡಗುಗಳೆಲ್ಲ ಬಂದ್. ನಾಲ್ಕು ದಿನ ಮೊದಲೇ ಗೊತ್ತಾಗಿದ್ದು ಪುಣ್ಯ. ಟಿಕೆಟ್ ಮಾರನೇ ದಿನಕ್ಕೆ ಬದಲಾಯಿತು, ದಂಡವಿಲ್ಲ. ನಾಕ್ಸೋಸ್ ಮನೆಯಾಕೆಗೆ ಮೆಸೇಜ್ ಹಾಕಿದೆವು, ಆಕೆ ಒಂದು ರಾತ್ರಿಯ ದುಡ್ಡು ಬಿಟ್ಟುಕೊಟ್ಟರು. ಆದರೆ ನಮ್ಮ ಫ್ಲ್ಯಾಟ್‌ಗಳು ಅವತ್ತಿಗೆ ಬೇರೆಯವರ ಪಾಲಾಗಿದ್ದವು. ಹತ್ತಿರದ ಹೋಟೆಲಿನಲ್ಲಿ ನಾಲ್ಕು ರೂಮು ಹಿಡಿದು 360 ಯೂರೊ ತೆತ್ತೆವು. ರಾತ್ರಿ ಒಂಬತ್ತಕ್ಕೆ ತಲಾ 50 ಹಾಕಿ ಅಂದೆ, ಯಾರೂ ತುಟಿ ಪಿಟಕ್ ಅನ್ನಲಿಲ್ಲ. ನಾಕ್ಸೋಸ್‌ನ ಖಾಲಿ ದಿನ ಇದಕ್ಕೆ ಹೋಯಿತು, ನೋಡಬೇಕೆಂದಿದ್ದ ಒಂದೂ ತಪ್ಪಲಿಲ್ಲ. "ಒಳ್ಳೇದಾಯ್ತು ಕಣೇ ಖಾಲಿ ಇಟ್ಟಿದ್ದು" ಅಂದದ್ದು ಜಯಾನೇ.

ನಾಕ್ಸೋಸ್ ಬಗ್ಗೆ ಎಷ್ಟು ಬರೆದರೂ ಸಾಲದು. ಬಂದರಿನ ಪಕ್ಕದಲ್ಲೇ ಅಪೊಲೊ ಗುಡಿಯ ಬರೀ ಬಾಗಿಲು ನಿಂತಿದೆ. ಗುಡಿ ಪೂರ್ತಿಯಾಗಲೇ ಇಲ್ಲ, ಸಂಜೆ ಸೂರ್ಯ ಆ ಚೌಕಟ್ಟಿನೊಳಗೆ ಇಳಿಯುತ್ತಾನೆ. ದ್ವೀಪವಾದರೂ ಇದು ಬೇಸಾಯದ ಊರು. ಇಲ್ಲಿನ ಆಲೂಗಡ್ಡೆ ಗ್ರೀಸ್‌ಗೆಲ್ಲ ಹೆಸರುವಾಸಿ, ಪಲ್ಯಕ್ಕೆ ಇದರಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಅಪಿರಾಂಥೊಸ್‌ಗೆ ಹೋದೆವು, ಗುಡ್ಡದ ಮೇಲಿನ ಹಳ್ಳಿ, ಓಣಿಗಳಿಗೂ ಅಮೃತಶಿಲೆ ಹಾಸು.

ಸ್ಯಾಂಟೊರಿನಿಗೆ ಎರಡೇ ರಾತ್ರಿ ಸಾಕು. 2025ರ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಸಲ ಭೂಮಿ ನಡುಗಿ ಜನ ಊರು ಬಿಟ್ಟಿದ್ದರು, ಮನೆಯವರಿಗೆ ಆ ಹೆದರಿಕೆ ಇತ್ತು. ನಾವು ಹೋದಾಗ ಏನೂ ಇರಲಿಲ್ಲ. ನಲ್ಲಿ ನೀರು ಕುಡಿಯೋಕಾಗಲ್ಲ, ಬಾಟಲಿ ಹೊರಬೇಕು. ಅಕ್ರೊತೀರಿ ತಪ್ಪಿಸಬೇಡಿ, ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಬೂದಿಯಲ್ಲಿ ಹೂತ ಪಟ್ಟಣ ಅದು. ಸೂರ್ಯಾಸ್ತಕ್ಕೆ ಎಲ್ಲರೂ ಇಯಾ ಅನ್ನೋ ಊರಲ್ಲಿ ನೂಕಾಡುತ್ತಾರೆ. ನಾವು ಎಂಟು ಜನ ಬೇರೊಂದು ಕಡೆ ಕಲ್ಲುಬೆಂಚಿನ ಮೇಲೆ ಆರಾಮಾಗಿ ಕೂತು ನೋಡಿದೆವು. ಆ ಜಾಗ ಹೇಳಲ್ಲ. ಕೂಕಾಕಿಯ ಫ್ಲ್ಯಾಟ್ ಅಷ್ಟು ಕಡಿಮೆಗೆ ಹೇಗೆ ಸಿಕ್ಕಿತು ಅನ್ನೋದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ವಾಪಸ್ ಬರುವಾಗ ಇಬ್ಬರು ಬೇಗ ಹೋಗೋಣ ಅಂತ ಸ್ಪೀಡ್ ಬೋಟ್ ಹಿಡಿದರು. ಗಾಳಿಗೆ ಅದು ಹಾರಿ ಹಾರಿ ಬಿದ್ದು, ಪಿರೇಯಸ್‌ವರೆಗೂ ವಾಂತಿ. ನಾವು ಆರು ಜನ ದೊಡ್ಡ ಫೆರಿಯ ಡೆಕ್ ಮೇಲೆ ಎಂಟು ಗಂಟೆ ಹುರಿಗಡಲೆ ತಿಂದು, ಹರಟುತ್ತಾ ಬಂದೆವು. ಟಿಕೆಟ್ಟೂ ಸುಮಾರು ಅರ್ಧ ದುಡ್ಡು.

ಒಟ್ಟು ತಲೆಗೆ 1,67,000 ಆಸುಪಾಸು ಬಿತ್ತು. ವಿಮಾನಕ್ಕೆ 58,000, ಉಳಿಯೋದಕ್ಕೆ 38,000, ಡಬ್ಬಿಗೆ ಮೂರು ಸಲ ತುಂಬಿದ್ದೂ ಸೇರಿ ಸುಮಾರು 36,000, ಮಿಕ್ಕಿದ್ದು ವೀಸಾ, ಫೆರಿ, ಟಿಕೆಟ್ಟು. ಲೆಕ್ಕದ ಪುಸ್ತಕವನ್ನು ಭಾವನವರಿಗೆ ಓದೋಕೆ ಕೊಟ್ಟೆ. ಎರಡು ಸಲ ಕೂಡಿ ನೋಡಿದರು. ಡಬ್ಬಿಯಲ್ಲಿ ಉಳಿದ 43 ಯೂರೊ ಹಂಚಲಿಲ್ಲ. ಅದು ಸುಮಾ ಹತ್ತಿರ ಇದೆ, ಮುಂದಿನ ಸಲ ಕ್ರೀಟ್ ದ್ವೀಪಕ್ಕೆ ಹೋಗುವಾಗ ಡಬ್ಬಿ ಮೊದಲು ಅವಳ ಕೈಗೆ.