ಉದುರುವ ಮೊದಲು ಎಲೆಯಿಂದ ಮರಕ್ಕೆ

ಬಂಡೀಪುರದ ಸುತ್ತಲಿನ ಎಲೆ ಉದುರುವ ಕಾಡಿನಲ್ಲಿ ಯುಗಾದಿಯ ಹೊತ್ತಿಗೆ ಮಣ್ಣಿನ ತೇವ ಆರಿಹೋಗಿರುತ್ತದೆ. ತೇವವಿಲ್ಲದೆ ತರಗು ಕೊಳೆಯದು, ಬೇರಿಗೆ ಹೊಸ ಗೊಬ್ಬರ ಸಿಗದು. ಆದರೂ ಹಲವು ಮರಗಳು ಮುಂಗಾರಿಗೆ ಕಾಯದೆ ಆಗಲೇ ಚಿಗುರುತ್ತವೆ. ಆ ಚಿಗುರಿಗೆ ಬೇಕಾದ ಸಾರಜನಕ, ರಂಜಕ ಎಲ್ಲಿಂದ ಬರುತ್ತವೆ ಎಂಬುದೇ ನನ್ನ ಸಂಶೋಧನೆಯ ಪ್ರಶ್ನೆಯಾಗಿತ್ತು. ಉತ್ತರದ ದೊಡ್ಡ ಭಾಗ ಹಿಂದಿನ ವರ್ಷದ ಎಲೆಯಲ್ಲಿದೆ.

ಎಲೆ ಹಣ್ಣಾಗುವುದೆಂದರೆ ಸುಮ್ಮನೆ ಒಣಗುವುದಲ್ಲ. ಎಲೆಯ ಸಾರಜನಕ ಹೆಚ್ಚಾಗಿ ಆಹಾರ ತಯಾರಿಸುವ ಪ್ರೋಟೀನ್‌ಗಳಲ್ಲಿರುತ್ತದೆ. ಮರ ಅವನ್ನು ಒಡೆದು, ಅಮೈನೋ ಆಮ್ಲಗಳನ್ನಾಗಿಸಿ, ತೊಟ್ಟಿನ ಮೂಲಕ ಕೊಂಬೆಗೂ ತೊಗಟೆಗೂ ಸಾಗಿಸಿ ಇಟ್ಟುಕೊಳ್ಳುತ್ತದೆ. ಆಮೇಲೆ ತೊಟ್ಟಿನ ಬುಡ ಕಳಚುತ್ತದೆ.

ಇದನ್ನು ಅಳೆಯಲು ಅರಣ್ಯ ಇಲಾಖೆಯ ಅನುಮತಿ ಪಡೆದು ತೇಗ, ದಿಂಡಿಗ, ಮತ್ತಿ, ಬೀಟೆ, ಹೊನ್ನೆ, ಕಕ್ಕೆ ಮರಗಳನ್ನು ಆರಿಸಿಕೊಂಡೆ. ಕೊಂಬೆಗಳಿಗೆ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿ, ಮಳೆಗಾಲದ ಕೊನೆಗೆ ಬಲಿತ ಹಸಿರೆಲೆ ಕೊಯ್ದೆವು. ಚಳಿಗಾಲ ಕಳೆಯುತ್ತಿದ್ದಂತೆ ಅದೇ ಕೊಂಬೆಗಳ ಹಣ್ಣೆಲೆ. ಕೊಂಬೆಯನ್ನು ಮೆಲ್ಲಗೆ ಅಲುಗಿಸಿದಾಗ ತಾನಾಗಿ ಕಳಚಿದ ಎಲೆ ಮಾತ್ರ ಲೆಕ್ಕಕ್ಕೆ. ನೆಲದ ಮೇಲಿನದ್ದನ್ನು ಮುಟ್ಟುತ್ತಿರಲಿಲ್ಲ, ಏಕೆಂದರೆ ಮಳೆ, ಇಬ್ಬನಿಗೆ ಪೊಟ್ಯಾಸಿಯಂ ಬೇಗ ತೊಳೆದುಹೋಗುತ್ತದೆ.

ಪ್ರಯೋಗಾಲಯದಲ್ಲಿ ಸಾರಜನಕಕ್ಕೆ ಎಲೆಪುಡಿಯನ್ನು ಆಮ್ಲದಲ್ಲಿ ಕುದಿಸಿ ಅಳೆಯುವ ಕೆಲ್ಡಾಲ್ ವಿಧಾನ, ರಂಜಕಕ್ಕೆ ನೀಲಿ ಬಣ್ಣ ಬರಿಸಿ ಅಳೆಯುವ ವಿಧಾನ. ಅಷ್ಟು ಸಾಲದು. ಹಣ್ಣಾಗುವಾಗ ಎಲೆಯ ತೂಕವೂ ಇಳಿಯುವುದರಿಂದ, ಶೇಕಡಾವಾರು ಹೋಲಿಸಿದರೆ ಮರ ಹಿಂದಕ್ಕೆ ಪಡೆದದ್ದು ನಿಜಕ್ಕಿಂತ ಕಡಿಮೆ ಕಾಣುತ್ತದೆ. ಹಾಗಾಗಿ ತೂಕದ ಬದಲು ವಿಸ್ತೀರ್ಣಕ್ಕೆ ಎಷ್ಟು ಎಂದು ಹೋಲಿಸಲು, ಪ್ರತಿ ಎಲೆಯ ವಿಸ್ತೀರ್ಣವನ್ನು ಅದು ಮುರುಟುವ ಮೊದಲೇ ಗುರುತು ಹಾಕಿಕೊಂಡೆ. ಕ್ಯಾಲ್ಸಿಯಂ ಕೂಡ ನೆರವಿಗೆ ಬರುತ್ತದೆ: ಅದು ಹೆಚ್ಚುಕಡಿಮೆ ಎಲೆಯಲ್ಲೇ ಉಳಿಯುವುದರಿಂದ ಉಳಿದವನ್ನು ಅದರ ಪಕ್ಕ ಇಟ್ಟು ನೋಡಬಹುದು.

ನನಗೆ ತುಂಬಾ ಕಲಿಸಿದ್ದು ಆನೆ ಮುರಿದ ಕೊಂಬೆ. "ಸಾರ್, ಮುರಿದ ಕೊಂಬೆ ಎಲೆ ಒಣಗುತ್ತೆ, ಉದುರಲ್ಲ" ಎಂದು ಜತೆಗಿದ್ದ ಜೇನು ಕುರುಬ ಹಿರಿಯರು ತೋರಿಸಿದರು. ಸುತ್ತಲಿನ ಮರಗಳೆಲ್ಲ ಬೋಳಾದರೂ ಆ ಕೊಂಬೆಯಲ್ಲಿ ಕಂದು ಎಲೆ ಅಂಟಿಕೊಂಡೇ ಇತ್ತು. ಪರೀಕ್ಷಿಸಿದಾಗ ಸಾರಜನಕ ಹಸಿರೆಲೆಯ ಮಟ್ಟಕ್ಕೆ ಹತ್ತಿರವಿತ್ತು. ಜೀವ ಹೋದ ಕೊಂಬೆಗೆ ಎಲೆಯನ್ನು ಕಳಚುವ ಶಕ್ತಿಯೂ ಇಲ್ಲ, ಅದರ ಸಾರವನ್ನು ಎಳೆದುಕೊಳ್ಳುವ ಶಕ್ತಿಯೂ ಇಲ್ಲ. ಹಣ್ಣಾಗುವುದು ಮರ ದುಡಿದು ಮಾಡುವ ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಸಿಕ್ಕಿಲ್ಲ. ಮಳೆ ಬೇಗ ಕೈಕೊಟ್ಟ ವರ್ಷ, ಎಲೆ ಅವಸರದಲ್ಲಿ ಒಣಗಿದರೆ, ಬದುಕಿರುವ ಮರಕ್ಕೂ ಈ ಕೆಲಸ ಅರ್ಧಕ್ಕೇ ನಿಲ್ಲಬಹುದು.

ಜಗತ್ತಿನ ನಾನಾ ಕಡೆಯ ಅಳತೆಗಳ ಸರಾಸರಿ ನೋಡಿದರೆ, ಎಲೆಯ ಸಾರಜನಕ, ರಂಜಕಗಳಲ್ಲಿ ಸುಮಾರು ಶೇ. 50ರಿಂದ 65ರಷ್ಟು ಮರಕ್ಕೆ ಮರಳುತ್ತದೆ. ಎಷ್ಟು ಮರಳಿತು ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎಂದು ನೋಡುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. 1996ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಕೀತ್ ಕಿಲ್ಲಿಂಗ್‌ಬೆಕ್ ಇದಕ್ಕೊಂದು ಅಳತೆಗೋಲು ಕೊಟ್ಟರು: ಉದುರುವ ಎಲೆಯಲ್ಲಿ ಸಾರಜನಕ ಅದರ ಒಣತೂಕದ ಶೇ. 0.7ಕ್ಕಿಂತ ಕಡಿಮೆ ಉಳಿದಿದ್ದರೆ ಆ ಮರ ಚೆನ್ನಾಗಿ ಹಿಂಡಿಕೊಂಡಿದೆ ಎಂದರ್ಥ. ಬೀಟೆ, ಹೊನ್ನೆಗೆ ಅಷ್ಟು ಹಿಂಡುವ ಒತ್ತಡವಿಲ್ಲ. ಅವುಗಳ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಒದಗಿಸುತ್ತವೆ. ಕಕ್ಕೆಯೂ ಅದೇ ದ್ವಿದಳ ಕುಟುಂಬದ್ದು, ಆದರೆ ಅದಕ್ಕೆ ಬೇರುಗಂಟಿಲ್ಲ. ದ್ವಿದಳ ಮರಗಳೆಲ್ಲ ಒಂದೇ ಎಂದು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ಉಳಿದ ಪಾಲು ತರಗಿನ ಜತೆ ನೆಲ ಸೇರಿ, ಗೆದ್ದಲು, ಶಿಲೀಂಧ್ರಗಳ ಕೈ ದಾಟಿ, ಮೊದಲ ಮಳೆಗೆ ಒಮ್ಮೆಲೇ ಬಿಡುಗಡೆಯಾಗುತ್ತದೆ. ನಡುವೆ ಕಾಳ್ಗಿಚ್ಚು ಬಿದ್ದರೆ ಕ್ಯಾಲ್ಸಿಯಂ, ರಂಜಕದ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿಯುತ್ತದೆ, ಸಾರಜನಕ ಮಾತ್ರ ಹೊಗೆಯೊಂದಿಗೆ ಹೋಗುತ್ತದೆ. ಬೆಂಕಿಯ ಕಾಲಕ್ಕೆ ಮುಂಚೆಯೇ ಮರದೊಳಗೆ ಸೇರಿದ ಸಾರಜನಕ ಈ ನಷ್ಟದಿಂದ ಪಾರಾಗುತ್ತದೆ. ಸಾರಜನಕ ಹೆಚ್ಚು ಉಳಿಸಿಕೊಂಡೇ ಉದುರುವ ಬೀಟೆ, ಹೊನ್ನೆಯ ತರಗು ಸುಟ್ಟಾಗ ಎಷ್ಟು ಹೋಗುತ್ತದೆ ಎಂದು ಈಗ ಅಳೆಯುತ್ತಿದ್ದೇನೆ.