ಸ್ಯೂಡೊಯೂರಿಡಿನ್ ಅನ್ನು ಗುರುತಿಸಿದ ಬಗೆ: ನನ್ನ ಅನುಭವ

ಧಾರವಾಡದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಯೀಸ್ಟ್‌ನ ಟಿ-ಆರ್‌ಎನ್‌ಎಯಿಂದ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಚಿಕ್ಕ ಆರ್‌ಎನ್‌ಎ) ಸ್ಯೂಡೊಯೂರಿಡಿನ್ ಬೇರ್ಪಡಿಸುವ, ಅಂದರೆ ಆರ್‌ಎನ್‌ಎಯ ಸಾಮಾನ್ಯ ಘಟಕವಾದ ಯೂರಿಡಿನ್‌ನ ಇನ್ನೊಂದು ರೂಪವನ್ನು ಹೊರತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. 1950ರ ದಶಕದಲ್ಲಿ ‘ಐದನೆಯ ನ್ಯೂಕ್ಲಿಯೊಟೈಡ್’ ಎಂದು ಕರೆಸಿಕೊಂಡದ್ದು ಇದರದೇ ನ್ಯೂಕ್ಲಿಯೊಟೈಡ್ ರೂಪ, ಅಂದರೆ ಫಾಸ್ಫೇಟ್ ಕೂಡಿದ ರೂಪ. ಯೂರಿಡಿನ್‌ನಲ್ಲಿ ರೈಬೋಸ್ ಸಕ್ಕರೆಯು ಯುರಾಸಿಲ್ ಎಂಬ ಉಂಗುರದ ಒಂದನೆಯ ಸ್ಥಾನದ ಸಾರಜನಕಕ್ಕೆ ಕೂಡಿಕೊಂಡಿದ್ದರೆ, ಇದರಲ್ಲಿ ಐದನೆಯ ಸ್ಥಾನದ ಇಂಗಾಲಕ್ಕೆ ಕೂಡಿಕೊಂಡಿರುತ್ತದೆ. ಪರಮಾಣುಗಳು ಅವೇ ಆಗಿರುವುದರಿಂದ ಎರಡರ ಅಣುತೂಕವೂ ಸುಮಾರು 244. ತೂಕದಿಂದ ಒಂದನ್ನು ಇನ್ನೊಂದರಿಂದ ಬೇರೆಯೆಂದು ಹೇಳಲು ಬರುವುದಿಲ್ಲ.

ಹುಬ್ಬಳ್ಳಿಯ ಪೇಟೆಯಿಂದ ತಂದ ಬೇಕರಿ ಯೀಸ್ಟ್ ಅನ್ನು ಫೀನಾಲ್‌ನಲ್ಲಿ ಕಲಕಿ, ಮೇಲಿನ ನೀರಿನ ಪದರವನ್ನು ತೆಗೆದುಕೊಂಡು, ಎಥನಾಲ್ ಹಾಕಿ ಆರ್‌ಎನ್‌ಎ ಇಳಿಸಿದೆ. ಒಂದು ಮೋಲಾರ್ ಉಪ್ಪಿನ ತಣ್ಣನೆಯ ದ್ರಾವಣದಲ್ಲಿ ಟಿ-ಆರ್‌ಎನ್‌ಎ ಕರಗುತ್ತದೆ, ದೊಡ್ಡ ರೈಬೋಸೋಮಲ್ ಆರ್‌ಎನ್‌ಎ ಬಹುಪಾಲು ತಳದಲ್ಲಿ ಉಳಿಯುತ್ತದೆ. ಮುಂದಿನ ಹಂತದಲ್ಲಿ ನಾನು ಎಡವಿದೆ. ಆರ್‌ಎನ್‌ಎಯನ್ನು ತುಂಡರಿಸುವ ನ್ಯೂಕ್ಲಿಯೇಸ್ ಪಿ1 ಕಿಣ್ವಕ್ಕೆ ಸತುವಿನ ಅಯಾನುಗಳು ಬೇಕು. ನಾನೋ ರೂಢಿಯಂತೆ ಇಡಿಟಿಎ ಎಂಬ ರಾಸಾಯನಿಕ ಇರುವ ಬಫರ್‌ನಲ್ಲಿಯೇ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಆರ್‌ಎನ್‌ಎ ಕರಗಿಸಿಟ್ಟಿದ್ದೆ. ಇಡಿಟಿಎ ಸತುವನ್ನು ಹಿಡಿದಿಟ್ಟುಕೊಂಡದ್ದರಿಂದ ಎರಡು ವಾರದ ಮಾದರಿ ತುಂಡಾಗದೆ ಹಾಗೆಯೇ ಉಳಿಯಿತು. ಎರಡನೆಯ ಸಲ ಶುದ್ಧ ನೀರಿನಲ್ಲಿ ಕರಗಿಸಿ, ಪಿಎಚ್ 5.3ರಲ್ಲಿ ಪಿ1, ಬಳಿಕ ಪಿಎಚ್ 8ರಲ್ಲಿ ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವ ಹಾಕಿ, 37 ಡಿಗ್ರಿಯಲ್ಲಿ ಇಟ್ಟಾಗ ನ್ಯೂಕ್ಲಿಯೊಸೈಡ್‌ಗಳು (ಫಾಸ್ಫೇಟ್ ಇಲ್ಲದ ಘಟಕಗಳು) ಬಿಡಿಬಿಡಿಯಾದವು.

ಮಿಶ್ರಣದ ಘಟಕಗಳನ್ನು ಬೇರೆ ಮಾಡುವ ಎಚ್‌ಪಿಎಲ್‌ಸಿ ಯಂತ್ರದ ಸಿ18 ಕಾಲಂನಲ್ಲಿ (ಘಟಕಗಳು ಒಂದರ ಹಿಂದೆ ಒಂದು ಹೊರಬರುವ ಕೊಳವೆ) ಸ್ಯೂಡೊಯೂರಿಡಿನ್ ಸಾಮಾನ್ಯವಾಗಿ ಸಿಟಿಡಿನ್, ಯೂರಿಡಿನ್‌ಗಳಿಗಿಂತ ಮೊದಲು ಹೊರಬರುತ್ತದೆ. ಆದರೆ ನಮ್ಮ ಕಾಲಂಗೆ ಉಷ್ಣತೆ ಕಾಯುವ ಪೆಟ್ಟಿಗೆ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಬೆಳಗಿನ ಹೊತ್ತು ಒಂದು ಸಮಯಕ್ಕೆ ಬಂದ ಪೀಕ್ (ಒಂದು ಘಟಕ ಹೊರಬಂದಾಗ ರೇಖೆಯಲ್ಲಿ ಕಾಣುವ ಏರು) ಮಧ್ಯಾಹ್ನದ ಬಿಸಿಲಿಗೆ ಬೇರೆ ಸಮಯಕ್ಕೆ ಸರಿಯುತ್ತಿತ್ತು. ಆದರೂ ಮೊದಲ ಸಣ್ಣ ಪೀಕ್ ಕಂಡೊಡನೆ ನಾನು ಅದಕ್ಕೆ ಸ್ಯೂಡೊಯೂರಿಡಿನ್ ಎಂದು ಹೆಸರು ಬರೆದುಬಿಟ್ಟಿದ್ದೆ. ನಮ್ಮ ಮಾರ್ಗದರ್ಶಕರು ದಾಖಲೆ ಪುಸ್ತಕ ನೋಡಿ, “ಪೀಕ್ ಕಂಡಕೂಡಲೆ ಹೆಸರಿಡಬ್ಯಾಡವಾ, ಮೊದಲ ಕ್ಷಾರದಾಗ ಹಾಕಿ ನೋಡು” ಎಂದರು.

ಅವರು ಹೇಳಿದ ಪರೀಕ್ಷೆ ಇಂದಿಗೂ ನನಗೆ ಅತ್ಯಂತ ಪ್ರಿಯವಾದದ್ದು. ಸಕ್ಕರೆ ಇಂಗಾಲಕ್ಕೆ ಕೂಡಿಕೊಂಡದ್ದರಿಂದ ಒಂದನೆಯ ಸಾರಜನಕದ ಮೇಲೆ ಒಂದು ಹೈಡ್ರೋಜನ್ ಉಳಿದಿರುತ್ತದೆ. ಕ್ಷಾರದಲ್ಲಿ ಅದು ಕಳಚಿಕೊಂಡಾಗ ನೇರಳಾತೀತ ಬೆಳಕನ್ನು ಅತಿ ಹೆಚ್ಚು ಹೀರುವ ತರಂಗಾಂತರ ಸುಮಾರು 262 ನ್ಯಾನೊಮೀಟರಿನಿಂದ 286ಕ್ಕೆ ಸರಿಯುತ್ತದೆ. ಯೂರಿಡಿನ್ ಕ್ಷಾರದಲ್ಲಿಯೂ 262ರ ಆಸುಪಾಸಿನಲ್ಲೇ ನಿಲ್ಲುತ್ತದೆ. (ಇದೇ ಹೈಡ್ರೋಜನ್‌ನ ಜಾಗದಲ್ಲಿ ಮೀಥೈಲ್ ಗುಂಪು ಕೂಡಿದ ರೂಪವನ್ನು ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಬಳಸಿದರು; ಅದಕ್ಕೆ ದಾರಿ ತೆರೆದ ಕಾರಿಕೊ ಮತ್ತು ವೈಸ್‌ಮನ್ ಅವರಿಗೆ 2023ರ ನೊಬೆಲ್ ಸಂದಿತು.)

ಪೀಕ್‌ಗಳನ್ನು ಬೇರೆ ಬೇರೆ ಕೊಳವೆಗಳಲ್ಲಿ ಹಿಡಿದು ಪಿಎಚ್ 12ಕ್ಕೆ ಏರಿಸಿದೆ. ಕಾಲಂನಿಂದ ಬಂದ ದ್ರಾವಣದಲ್ಲಿ ಅಸಿಟೇಟ್ ಬಫರ್ ಇರುವುದರಿಂದ ಲೆಕ್ಕಕ್ಕಿಂತ ಹೆಚ್ಚು ಸೋಡಿಯಂ ಹೈಡ್ರಾಕ್ಸೈಡ್ ಬೇಕಾಗುತ್ತದೆ. ಪಿಎಚ್ ಕಾಗದದಿಂದ ನೋಡಿಕೊಳ್ಳದೆ ಮುಂದುವರಿಯಬಾರದು. ಗಾಜು ನೇರಳಾತೀತವನ್ನು ತಡೆಯುತ್ತದಾದ್ದರಿಂದ ಕ್ವಾರ್ಟ್ಜ್ ಕ್ಯುವೆಟ್ (ದ್ರಾವಣ ಹಾಕಿ ಬೆಳಕು ಹಾಯಿಸುವ ಚಿಕ್ಕ ಪಾತ್ರೆ) ಬಳಸಿದೆ. ನಾನು ಹೆಸರಿಟ್ಟಿದ್ದ ಮೊದಲ ಪೀಕ್ ಕದಲಲಿಲ್ಲ. ಅದರ ಹಿಂದೆಯೇ ಬಂದಿದ್ದ ಎರಡನೆಯದು 286ಕ್ಕೆ ಸರಿಯಿತು. ಮೊದಲ ಹೆಸರಿನ ಮೇಲೆ ಗೆರೆ ಎಳೆದು, ಎರಡೂ ರೇಖಾಚಿತ್ರಗಳನ್ನು ದಾಖಲೆ ಪುಸ್ತಕದ ಅದೇ ಪುಟಕ್ಕೆ ಅಂಟಿಸಿದೆ.